ಖಾಲಿ ಗೋಡೆಗೆ ಐದಡಿ ಅಗಲದ ಚಿತ್ರ: ಮರ, ಬಟ್ಟೆ, ಬಣ್ಣ, ಯಾವುದು ಮೊದಲು?

ಮನೆಯ ಗೋಡೆಗೆ ದೊಡ್ಡ ಚಿತ್ರ ಮಾಡಲು ಹೊರಟವರು ನನಗೆ ಫೋಟೊ ಕಳಿಸುತ್ತಿರುತ್ತಾರೆ. ಹೆಚ್ಚುಕಮ್ಮಿ ಎಲ್ಲವೂ ಒಂದೇ ಥರ. ಚಿತ್ರ ಚೆನ್ನಾಗೇ ಇದೆ, ಆದರೆ ಒಂದು ಮೂಲೆ ಗೋಡೆ ಬಿಟ್ಟು ಎರಡು ಇಂಚು ಎದ್ದಿದೆ. ಬಟ್ಟೆ ನಡುವೆ ಜೋತಾಡುತ್ತಿದೆ. ಬಣ್ಣದ ಮೇಲೆ ಕೂದಲಿನಂಥ ಬಿರುಕು ಬಿದ್ದಿದೆ. ಅಥವಾ ಅಷ್ಟು ದೊಡ್ಡ ಗೋಡೆಯ ಮೇಲೆ ಚಿತ್ರ ಅಂಚೆಚೀಟಿ ಅಂಟಿಸಿದ ಹಾಗೆ ಕಾಣುತ್ತಿದೆ. ‘ನನಗೆ ಬಣ್ಣ ಹಚ್ಚೋಕೆ ಬರಲ್ಲ ಅನ್ಸುತ್ತೆ’ ಅಂತ ಬೇಸರದಿಂದ ಬರೆದಿರುತ್ತಾರೆ.

ಬಣ್ಣದ ತಪ್ಪು ಅದರಲ್ಲಿ ಏನೂ ಇಲ್ಲ. ದೊಡ್ಡ ಚಿತ್ರ ಕೆಡುವುದು ಬಣ್ಣದ ಡಬ್ಬಿ ತೆರೆಯುವ ಮೊದಲೇ. ಅಳತೆಯಲ್ಲಿ, ಮರದಲ್ಲಿ, ಬಟ್ಟೆ ಬಿಗಿಯುವುದರಲ್ಲಿ. ಅದಕ್ಕೇ ಈ ಬರಹದಲ್ಲಿ ಬಣ್ಣಕ್ಕಿಂತ ಜಾಸ್ತಿ ಜಾಗವನ್ನು ಆ ಮೂರಕ್ಕೇ ಕೊಟ್ಟಿದ್ದೇನೆ.

ಒಂದೇ ಅಳತೆ ಹಿಡಿದು ಹೇಳುತ್ತೇನೆ: 60 ಇಂಚು ಅಗಲ, 42 ಇಂಚು ಎತ್ತರದ, ಮರದ ಚೌಕಟ್ಟಿಗೆ ಬಿಗಿದ ಬಟ್ಟೆಯ ಚಿತ್ರ. ಕೆಮ್ಮಣ್ಣಿನ ಬಣ್ಣದ ಮೇಲೆ ಬಿಳಿ ಗೆರೆಗಳು. ನಿಮ್ಮ ಗೋಡೆ ಬೇರೆಯಾದರೆ ಅಳತೆ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ. ಚೌಕಟ್ಟು ಕಟ್ಟುವ ದಿನ ಬಿಟ್ಟು, ದಿನಕ್ಕೆ ಒಂದೆರಡು ಗಂಟೆ ಕೊಟ್ಟರೆ ಸುಮಾರು ಎರಡು ವಾರದ ಕೆಲಸ. ಅದರಲ್ಲಿ ಒಣಗಲು ಬಿಡುವ ಸಮಯವೇ ಹೆಚ್ಚು.

## ಮೊದಲು ಜೋಡಿಸಿಕೊಳ್ಳಬೇಕಾದ್ದು

ಮರದ ಕೆಲಸಕ್ಕೆ:
- 2 ಇಂಚು ಅಗಲ, 1½ ಇಂಚು ದಪ್ಪದ ಪೈನ್ ರೀಪರ್ (ಉದ್ದನೆಯ ಮರದ ಪಟ್ಟಿ), ಒಟ್ಟು 22 ಅಡಿ
- ½ ಇಂಚಿನ ಕಾಲುದುಂಡು ಬೀಡಿಂಗ್ ಪಟ್ಟಿ, 18 ಅಡಿ
- ಮೂಲೆಗೆ ಹಾಕಲು ಪ್ಲೈವುಡ್ ಚೂರು, ಮರದ ಅಂಟು, ಸ್ಕ್ರೂ, ಸಣ್ಣ ಮೊಳೆ
- ಮೂಲೆಮಟ್ಟ, ಅಳತೆ ಟೇಪು, ರಸಮಟ್ಟ (ಸ್ಪಿರಿಟ್ ಲೆವೆಲ್), ಡ್ರಿಲ್

ಬಟ್ಟೆ ಮತ್ತು ಬಣ್ಣಕ್ಕೆ:
- ದಪ್ಪ ಕೋರಾ ಬಟ್ಟೆ (ಬಿಳುಪು ಮಾಡದ ಹತ್ತಿ ಬಟ್ಟೆ), ಕನಿಷ್ಠ 54 ಇಂಚು ಪನ್ನ, 2 ಮೀಟರ್
- ಸ್ಟೇಪಲ್ ಗನ್, 8 ಅಥವಾ 10 ಮಿ.ಮೀ. ಪಿನ್ನು
- ಕ್ಯಾನ್ವಾಸಿಗೆ ಹಚ್ಚುವ ಅಕ್ರಿಲಿಕ್ ಪ್ರೈಮರ್ (ಜೆಸ್ಸೊ ಅಂತ ಕೇಳಿ), 1 ಲೀಟರ್
- ಹಿನ್ನೆಲೆಗೆ ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್, ಗೆರೆಗೆ ಬಿಳಿ ಅಕ್ರಿಲಿಕ್ ಬಣ್ಣ
- 3 ಇಂಚಿನ ಚಪ್ಪಟೆ ಬ್ರಷ್, ಸಣ್ಣ ರೋಲರ್, ಗೆರೆ ಎಳೆಯುವ ಬ್ರಷ್ ಎರಡು, ಮಾಸ್ಕಿಂಗ್ ಟೇಪ್, 220 ನಂಬರಿನ ಸ್ಯಾಂಡ್ ಪೇಪರ್

ಮರ ಎಲ್ಲಿ ಸಿಗುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಬೆಂಗಳೂರಿನಲ್ಲಾದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಇದೆ. ಬೇರೆ ಊರಲ್ಲಿ ಹತ್ತಿರದ ಸಾಮಿಲ್ಲು ಸಾಕು. ಬಟ್ಟೆಗೆ ಚಿಕ್ಕಪೇಟೆ, ಇಲ್ಲವೇ ನಿಮ್ಮೂರಿನ ಖಾದಿ ಭಂಡಾರ. ಕಾಫಿ ಸೀಮೆಯವರಿಗೆ ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತದೆ. ಚೆನ್ನಾಗಿ ಒಣಗಿದ್ದರೆ ಬಳಸಬಹುದು. ಹಸಿ ಇದ್ದರೆ ಮುಟ್ಟಬೇಡಿ. ಒಣಗುತ್ತಾ ಒಣಗುತ್ತಾ ತಿರುಚಿಕೊಳ್ಳುತ್ತದೆ.

## ಹಂತ 1: ಗೋಡೆಯನ್ನು ಪರೀಕ್ಷೆ ಮಾಡಿ

ಚಿತ್ರಕ್ಕಿಂತ ಮೊದಲು ಗೋಡೆ ಒಣಗಿರಬೇಕು. ಮುಂಗಾರು ಮಳೆ ನೇರ ಬಡಿಯುವ ಹೊರಗೋಡೆ, ಬಚ್ಚಲಿಗೆ ಬೆನ್ನು ಕೊಟ್ಟ ಗೋಡೆ, ಇವೆರಡರ ಮೇಲೆ ಅನುಮಾನ ಇರಲಿ. ಬಣ್ಣ ಗುಳ್ಳೆ ಎದ್ದಿದೆಯಾ, ಬಿಳಿ ಉಪ್ಪಿನ ಪುಡಿ ಹೊರಗೆ ಬಂದಿದೆಯಾ, ಗೋಡೆಯ ಬುಡದಲ್ಲಿ ಮಬ್ಬು ಕಲೆ ಇದೆಯಾ ನೋಡಿ.

ಕಣ್ಣಿಗೆ ಏನೂ ಕಾಣದಿದ್ದರೂ ಒಂದು ಪರೀಕ್ಷೆ ಮಾಡಿ. ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಬಿಡಿ. ತೆಗೆದಾಗ ಒಳಮೈಯಲ್ಲಿ ನೀರಿನ ಹನಿ ಇದ್ದರೆ ಗೋಡೆಯಿಂದ ತೇವ ಬರುತ್ತಿದೆ ಅಂತ ಅರ್ಥ. ಮೊದಲು ಅದನ್ನು ಸರಿ ಮಾಡಿಸಿ, ಇಲ್ಲವೇ ಬೇರೆ ಗೋಡೆ ಆರಿಸಿಕೊಳ್ಳಿ. ತೇವದ ಗೋಡೆಗೆ ಬಟ್ಟೆಯ ಚಿತ್ರ ಹಾಕಿದರೆ ಒಂದೇ ಮಳೆಗಾಲದಲ್ಲಿ ಹಿಂಬದಿಗೆ ಕರಿ ಬೂಷ್ಟು ಹತ್ತುತ್ತದೆ.

## ಹಂತ 2: ಪೇಪರ್ ಅಂಟಿಸಿ ಅಳತೆ ನಿರ್ಧರಿಸಿ

ಎಲ್ಲರೂ ಮಾಡುವ ತಪ್ಪು ಒಂದೇ: ಚಿತ್ರ ಚಿಕ್ಕದಾಗುವುದು. ಅಂಗಡಿಯಲ್ಲಿ ನಿಂತು ನೋಡಿದಾಗ ಮೂರು ಅಡಿಯ ಚಿತ್ರವೇ ದೊಡ್ಡದಾಗಿ ಕಾಣುತ್ತದೆ. ಹನ್ನೆರಡು ಅಡಿಯ ಗೋಡೆಗೆ ತಂದರೆ ಕಳೆದೇಹೋಗುತ್ತದೆ.

ಸೋಫಾ ಮೇಲೆ ಹಾಕುವುದಾದರೆ ಚಿತ್ರದ ಅಗಲ ಸೋಫಾದ ಅಗಲದ ಮೂರನೇ ಎರಡು ಭಾಗದಿಂದ ಮುಕ್ಕಾಲು ಭಾಗದವರೆಗೆ ಇರಲಿ. 7 ಅಡಿ ಸೋಫಾ ಅಂದರೆ 84 ಇಂಚು. 56ರಿಂದ 63 ಇಂಚಿನ ಚಿತ್ರ ಸರಿಹೊಂದುತ್ತದೆ. ನಾನು 60 ಹಿಡಿದಿರುವುದು ಅದಕ್ಕೇ. ಸೋಫಾ ಬೆನ್ನಿಗೂ ಚಿತ್ರದ ಕೆಳಗಿನ ಅಂಚಿಗೂ 6ರಿಂದ 8 ಇಂಚು ಅಂತರ ಬಿಡಿ. ಕೆಳಗೆ ಏನೂ ಇಲ್ಲದ ಗೋಡೆಯಾದರೆ ಚಿತ್ರದ ನಡುಮಧ್ಯ ನೆಲದಿಂದ 57ರಿಂದ 60 ಇಂಚಿಗೆ ಬರಲಿ. ಚಾಪೆ, ದಿವಾನ ಹಾಕಿ ಕೂರುವ ಕೋಣೆಯಾದರೆ ಇನ್ನೂ ಅರ್ಧ ಅಡಿ, ಮುಕ್ಕಾಲು ಅಡಿ ಇಳಿಸಿ. ನೋಡುವವರು ಕೂತೇ ನೋಡುವುದಲ್ವಾ?

ಈಗ ಹಳೇ ನ್ಯೂಸ್ ಪೇಪರ್ ಹಾಳೆಗಳನ್ನು ಜೋಡಿಸಿ ಸರಿಯಾಗಿ 60 × 42 ಇಂಚಿಗೆ ಕತ್ತರಿಸಿ ಗೋಡೆಗೆ ಅಂಟಿಸಿ. ಎರಡು ದಿನ ಹಾಗೇ ಇರಲಿ. ಬಾಗಿಲಿನಿಂದ ನೋಡಿ, ಅಡುಗೆಮನೆಯಿಂದ ನೋಡಿ, ರಾತ್ರಿ ಲೈಟು ಹಾಕಿ ನೋಡಿ. ಸ್ವಿಚ್ ಬೋರ್ಡು ಮುಚ್ಚಿಹೋಗುತ್ತದೆಯಾ, ಕಿಟಕಿ ಬಾಗಿಲು ತೆರೆದಾಗ ತಾಗುತ್ತದೆಯಾ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಈ ಹಂತ ಬಿಟ್ಟವರೇ ಆಮೇಲೆ ‘ಇನ್ನೊಂದು ಅಡಿ ಇದ್ದಿದ್ದರೆ’ ಅಂತ ಕೊರಗುತ್ತಾರೆ.

ಇನ್ನೊಂದು ಅಳತೆ ಇದೆ, ಯಾರಿಗೂ ನೆನಪಾಗುವುದಿಲ್ಲ: ಚಿತ್ರ ಹಾದು ಬರುವ ದಾರಿ. ಬಾಗಿಲು, ಲಿಫ್ಟು, ಮೆಟ್ಟಿಲಿನ ತಿರುವು. ನಾನು ಒಮ್ಮೆ ತಾರಸಿಯ ಮೇಲೆ 7 ಅಡಿ × 5 ಅಡಿಯ ಚೌಕಟ್ಟು ಕಟ್ಟಿದೆ. ಬಟ್ಟೆ ಬಿಗಿದೆ, ಪ್ರೈಮರ್ ಹಚ್ಚಿದೆ. ಕೆಳಗಿಳಿಸಲು ಹೋದಾಗ ಮೊದಲ ತಿರುವಿನಲ್ಲೇ ಸಿಕ್ಕಿಕೊಂಡಿತು. ಅಡ್ಡ ಹಿಡಿದರೂ ಆಗಲಿಲ್ಲ, ಓರೆ ಮಾಡಿದರೂ ಆಗಲಿಲ್ಲ. ಕೊನೆಗೆ ಪಿನ್ನುಗಳನ್ನೆಲ್ಲ ಕಿತ್ತು, ಬಟ್ಟೆ ಸುತ್ತಿ, ಅಂಟು ಹಾಕಿದ್ದ ಎರಡು ಮೂಲೆಗಳನ್ನು ಗರಗಸದಿಂದ ಕೊಯ್ಯಬೇಕಾಯಿತು. ಹಾಗಾಗಿ ಟೇಪು ಹಿಡಿದು ಒಮ್ಮೆ ಮೆಟ್ಟಿಲು ಇಳಿದು ಬನ್ನಿ. ಅನುಮಾನ ಇದ್ದರೆ ಚಿತ್ರ ನೇತುಹಾಕುವ ಕೋಣೆಯಲ್ಲೇ ಚೌಕಟ್ಟು ಕಟ್ಟಿ.

## ಹಂತ 3: ಚೌಕಟ್ಟು ಕಟ್ಟಿ

ಈ ಹಂತಕ್ಕೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಇಲ್ಲಿ ಆದ ತಪ್ಪನ್ನು ಮುಂದೆ ಎಲ್ಲೂ ಸರಿ ಮಾಡಲು ಆಗುವುದಿಲ್ಲ.

ಮರ ಆರಿಸುವುದು. ಅಂಗಡಿಯವರು ಕಟ್ಟಿನಿಂದ ಎಳೆದುಕೊಟ್ಟದ್ದನ್ನು ಹಾಗೇ ತರಬೇಡಿ. ಒಂದೊಂದೇ ರೀಪರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದೂಕಿಗೆ ಗುರಿ ಹಿಡಿಯುವ ಹಾಗೆ ನೋಡಿ. ಬಿಲ್ಲಿನಂತೆ ಬಗ್ಗಿರುವುದು ಆಗ ಕಾಣುತ್ತದೆ. ಆಮೇಲೆ ಸಮತಟ್ಟಾದ ನೆಲದ ಮೇಲೆ ಇಟ್ಟು ಒಂದು ಮೂಲೆಯನ್ನು ಬೆರಳಿನಿಂದ ಒತ್ತಿ. ಎದುರು ತುದಿ ‘ಟಕ್’ ಅಂತ ಎದ್ದರೆ ಮರ ತಿರುಚಿದೆ. ಬೇಡ. ದೊಡ್ಡ ಗಂಟು ಇರುವ ತುಂಡೂ ಬೇಡ, ಅಲ್ಲೇ ಮುರಿಯುತ್ತದೆ.

ತಂದ ಮರವನ್ನು ಮೂರು ನಾಲ್ಕು ದಿನ ಚಿತ್ರ ಹಾಕುವ ಕೋಣೆಯಲ್ಲೇ ಮಲಗಿಸಿಡಿ. ಗೋಡೆಗೆ ಒರಗಿಸಿ ನಿಲ್ಲಿಸಬೇಡಿ, ಬಗ್ಗುತ್ತದೆ.

ಕತ್ತರಿಸುವುದು. 60 ಇಂಚಿನ ಎರಡು ತುಂಡು ಮೇಲಕ್ಕೆ, ಕೆಳಕ್ಕೆ. ಇವುಗಳ ನಡುವೆ ಕೂರುವ 38 ಇಂಚಿನ ಮೂರು ತುಂಡು: ಎರಡು ಪಕ್ಕಕ್ಕೆ, ಒಂದು ಮಧ್ಯಕ್ಕೆ. ಲೆಕ್ಕ ಹೀಗೆ: 42ರಲ್ಲಿ ಎರಡು ಮರದ ಅಗಲ, ಅಂದರೆ 4 ಇಂಚು ಕಳೆದರೆ 38. ಆದರೆ ಅಂಗಡಿಯಲ್ಲಿ ‘ಎರಡು ಇಂಚು’ ಅನ್ನುವ ಮರ ಎಷ್ಟೋ ಸಲ 1¾ ಇಂಚೇ ಇರುತ್ತದೆ. ಕೈಯಲ್ಲಿರುವ ಮರವನ್ನು ಅಳೆದು ಲೆಕ್ಕ ಹಾಕಿ. ಮೂರೂ ತುಂಡುಗಳನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿ. ಬೆರಳು ಸವರಿದಾಗ ಮೆಟ್ಟಿಲು ಸಿಗಬಾರದು.

ಜೋಡಿಸುವುದು. ಎರಡು ಇಂಚಿನ ಮುಖ ಮೇಲೆ ಕೆಳಗೆ ಬರುವಂತೆ ತುಂಡುಗಳನ್ನು ನೆಲದ ಮೇಲೆ ಚಪ್ಪಟೆಯಾಗಿ ಇಡಿ. ನೆಲ ಸಮತಟ್ಟಾಗಿರಬೇಕು. ತಾರಸಿಗೆ ನೀರು ಹರಿಯಲು ಇಳಿಜಾರು ಕೊಟ್ಟಿರುತ್ತಾರೆ, ಅಲ್ಲಿ ಬೇಡ. ಟೈಲ್ಸ್ ಹಾಕಿದ ಹಾಲ್ ಒಳ್ಳೆಯದು. ಸ್ಕ್ರೂ ಹಾಕುವ ಮೊದಲು ಸಣ್ಣ ಬಿಟ್‌ನಿಂದ ತೂತು ಮಾಡಿಕೊಳ್ಳಿ, ಇಲ್ಲದಿದ್ದರೆ ಪೈನ್ ಸೀಳುತ್ತದೆ. ಅಂಟು ಹಾಕಿ, ಒಂದೊಂದು ಮೂಲೆಗೆ ಒಂದೇ ಸ್ಕ್ರೂ ಅರ್ಧ ಬಿಗಿದು ನಿಲ್ಲಿಸಿ.

ಈಗ ಕರ್ಣ ಅಳೆಯಿರಿ. ಮೂಲೆಯಿಂದ ಎದುರು ಮೂಲೆಗೆ, ಎರಡೂ ಕಡೆ. 60 × 42ರ ಚೌಕಟ್ಟಿಗೆ ಅದು 73¼ ಇಂಚು ಬರಬೇಕು. ಒಂದು 73½, ಇನ್ನೊಂದು 73 ಬಂದರೆ ಚೌಕಟ್ಟು ಓರೆಯಾಗಿದೆ. ಉದ್ದ ಇರುವ ಕರ್ಣದ ಎರಡು ಮೂಲೆಗಳನ್ನು ಒಳಕ್ಕೆ ಒತ್ತಿ, ಮತ್ತೆ ಅಳೆಯಿರಿ. ಎರಡೂ ಸಮವಾದ ಮೇಲೆ ಸ್ಕ್ರೂ ಪೂರ್ತಿ ಬಿಗಿದು ಎರಡನೇ ಸ್ಕ್ರೂ ಹಾಕಿ. ಆಮೇಲೆ 6 ಇಂಚಿನ ತ್ರಿಕೋನದ ಪ್ಲೈವುಡ್ ಚೂರುಗಳನ್ನು ನಾಲ್ಕೂ ಮೂಲೆಯ ಹಿಂಬದಿಗೆ ಅಂಟು, ಸ್ಕ್ರೂ ಎರಡೂ ಹಾಕಿ ಕೂರಿಸಿ. ಹೊರ ಅಂಚಿನಿಂದ ಒಂದು ಇಂಚು ಒಳಗೇ ಇರಲಿ, ಅಲ್ಲಿ ಮುಂದೆ ಬಟ್ಟೆಯ ಪಿನ್ನು ಬರಬೇಕು.

ಮಧ್ಯದ ತುಂಡು ಬೇಡ ಅಂತ ಬಿಡಬೇಡಿ. ಬಟ್ಟೆ ಬಿಗಿದಾಗ 60 ಇಂಚಿನ ಮರಗಳು ಒಳಕ್ಕೆ ಬಾಗುತ್ತವೆ. ಅದನ್ನು ತಡೆಯುವುದು ಅದೊಂದೇ. 6 ಅಡಿ ಮೀರಿದ ಚಿತ್ರಕ್ಕೆ ಎರಡು ಹಾಕಿ.

ಅಂಚಿಗೆ ಬೀಡಿಂಗ್. ಚೌಕಟ್ಟಿನ ಮುಂಭಾಗದಲ್ಲಿ, ಹೊರ ಅಂಚಿಗೆ ಸರಿಯಾಗಿ ಕಾಲುದುಂಡು ಪಟ್ಟಿಯನ್ನು ಅಂಟು ಮತ್ತು ಸಣ್ಣ ಮೊಳೆಯಿಂದ ಕೂರಿಸಿ. ದುಂಡು ಒಳಮುಖವಾಗಿರಲಿ. ಬಟ್ಟೆ ಈ ಪಟ್ಟಿಯ ಮೇಲೆ ಮಾತ್ರ ನಿಲ್ಲಬೇಕು, ಮಿಕ್ಕ ಮರಕ್ಕೆ ತಾಗಬಾರದು. ಇದನ್ನು ಬಿಟ್ಟರೆ ಬಣ್ಣ ಹಚ್ಚುವಾಗ ಬ್ರಷ್ಷಿನ ಒತ್ತಡಕ್ಕೆ ಒಳಗಿನ ಮರದ ಅಂಚು ಬಟ್ಟೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಚಿತ್ರದ ಸುತ್ತ ಎರಡು ಇಂಚು ಒಳಗೆ ಒಂದು ಚೌಕ ಕಾಣುತ್ತಿದೆ ಅಂತ ದೂರುವವರಿಗೆ ಉತ್ತರ ಇದೇ.

ಪಟ್ಟಿಯ ಹೊರಗಿನ ಚೂಪು ಅಂಚನ್ನು ಸ್ಯಾಂಡ್ ಪೇಪರಿನಿಂದ ತಿಕ್ಕಿ ಮೊಂಡು ಮಾಡಿ. ಚೂಪಾಗಿದ್ದರೆ ಬಟ್ಟೆ ಅಲ್ಲೇ ಸವೆದು ಹರಿಯುತ್ತದೆ.

ಎಚ್ಚರಿಕೆಯ ಸೂಚನೆ: ಅಂಟು ಒಣಗಿದ ಮೇಲೆ ಚೌಕಟ್ಟನ್ನು ನೆಲದ ಮೇಲಿಟ್ಟು ನಾಲ್ಕೂ ಮೂಲೆ ಒತ್ತಿ ನೋಡಿ. ಕುಂಟು ಮಣೆಯಂತೆ ಅಲ್ಲಾಡಿದರೆ ಮುಂದಕ್ಕೆ ಹೋಗಬೇಡಿ. ಬಟ್ಟೆ ಬಿಗಿದರೆ ಸರಿಹೋಗುತ್ತದೆ ಅಂದುಕೊಳ್ಳುವುದು ಭ್ರಮೆ, ಇನ್ನೂ ಜಾಸ್ತಿಯಾಗುತ್ತದೆ. ಕೆಟ್ಟ ತುಂಡನ್ನು ಬಿಚ್ಚಿ ಬೇರೆ ಹಾಕಿ.

## ಹಂತ 4: ಬಟ್ಟೆಯ ಗಂಜಿ ತೆಗೆಯಿರಿ

ಬಟ್ಟೆ ಅಂಗಡಿಯ ಕೋರಾದಲ್ಲಿ ಗಂಜಿ ಇರುತ್ತದೆ. ಅದರ ಮೇಲೆ ಪ್ರೈಮರ್ ಸರಿಯಾಗಿ ಹಿಡಿಯುವುದಿಲ್ಲ. ಜೊತೆಗೆ ನೆನೆಯದ ಕೋರಾ, ಪ್ರೈಮರ್ ಬಿದ್ದ ಕೂಡಲೇ ಜೋರಾಗಿ ಕುಗ್ಗಿ ಚೌಕಟ್ಟನ್ನೇ ಎಳೆದು ತಿರುಚಬಹುದು. ಹಾಗಾಗಿ ಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡದೆ ಹರವಿ ಒಣಗಿಸಿ. ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ. ಕಲಾಸಾಮಗ್ರಿ ಅಂಗಡಿಯಲ್ಲಿ ಸಿಗುವ ಕ್ಯಾನ್ವಾಸ್ ತಂದಿದ್ದರೆ ಇದು ಬೇಡ, ಬರೀ ಇಸ್ತ್ರಿ ಸಾಕು.

ಒಣಗಿದ ಮೇಲೆ 68 × 50 ಇಂಚಿಗೆ ಕತ್ತರಿಸಿ. ಪ್ರತಿ ಕಡೆ 4 ಇಂಚು ಮಡಿಸಲು ಬೇಕು. ತೊಳೆಯುವ ಮೊದಲು ಕತ್ತರಿಸಬೇಡಿ, ಕುಗ್ಗಿ ಕಮ್ಮಿ ಬೀಳುತ್ತದೆ.

## ಹಂತ 5: ಬಟ್ಟೆ ಬಿಗಿಯಿರಿ

ಇಲ್ಲಿ ಕ್ರಮವೇ ಎಲ್ಲ. ಒಂದು ಮೂಲೆಯಿಂದ ಶುರು ಮಾಡಿ ಸುತ್ತ ಪಿನ್ನು ಹೊಡೆಯುತ್ತಾ ಬಂದರೆ ಕೊನೆಯ ಮೂಲೆಯಲ್ಲಿ ಸುಕ್ಕು ಗುಡ್ಡೆಯಾಗುತ್ತದೆ. ಯಾವ ಶಕ್ತಿ ಹಾಕಿದರೂ ಹೋಗುವುದಿಲ್ಲ.

1. ಬಟ್ಟೆಯನ್ನು ನೆಲಕ್ಕೆ ಹಾಸಿ, ಮೇಲೆ ಚೌಕಟ್ಟನ್ನು ಬೀಡಿಂಗ್ ಕೆಳಗೆ ಬರುವಂತೆ ಇಡಿ. ಬಟ್ಟೆಯ ಒಂದು ಎಳೆ ಹಿಡಿದು ನೋಡಿ, ಅದು ಮರದ ಅಂಚಿಗೆ ಸಮನಾಗಿ ಓಡಬೇಕು. ನೇಯ್ಗೆ ಓರೆಯಾದರೆ ಆಮೇಲೆ ಬಟ್ಟೆ ಓರೆಯಾಗೇ ಜೋಲುತ್ತದೆ.
2. ಒಂದು ಉದ್ದ ಬದಿಯ ನಡುಮಧ್ಯದಲ್ಲಿ ಹಿಂದಕ್ಕೆ ಮಡಿಸಿ ಒಂದು ಪಿನ್ನು ಹೊಡೆಯಿರಿ. ಎದುರು ಬದಿಯಲ್ಲಿ ಎಳೆದು ಹಿಡಿದು ಇನ್ನೊಂದು.
3. ಚಿಕ್ಕ ಬದಿಗಳ ನಡುವೆಯೂ ಹೀಗೇ ಒಂದೊಂದು. ಈಗ ಬಟ್ಟೆಯ ಮೇಲೆ ಗಾಳಿಪಟದ ಆಕಾರದ ಸುಕ್ಕು ಕಾಣುತ್ತದೆ. ಕಾಣಲೇಬೇಕು. ಅಂದರೆ ಸರಿಯಾಗಿ ಹೋಗುತ್ತಿದೆ.
4. ನಡುವಿನಿಂದ ಮೂಲೆಯ ಕಡೆಗೆ, ಎರಡು ಇಂಚಿಗೊಂದು ಪಿನ್ನು. ಒಂದು ಬದಿಗೆ ಎರಡು ಹೊಡೆದರೆ ಎದುರು ಬದಿಗೆ ಎರಡು. ಆಮೇಲೆ ಚಿಕ್ಕ ಬದಿಗಳಿಗೆ. ಹೀಗೇ ಸುತ್ತು ಹಾಕುತ್ತಾ ಹೋಗಿ.
5. ಮೂಲೆಗಳು ಕೊನೆಗೆ. ಹಾಸಿಗೆಗೆ ಬೆಡ್‌ಶೀಟ್ ಮಡಿಸುವ ಹಾಗೆ ಮಡಿಕೆ ಪಕ್ಕಕ್ಕೆ ಕಾಣದಂತೆ ಹಿಂದಕ್ಕೆ ಸರಿಸಿ.

ಒಬ್ಬರು ಎಳೆದು ಹಿಡಿಯಲಿ, ಇನ್ನೊಬ್ಬರು ಹೊಡೆಯಲಿ. ಒಬ್ಬರೇ ಮಾಡುವುದಾದರೆ ಕೈ ಜಾರದಂತೆ ತೋಟದ ರಬ್ಬರ್ ಕೈಗವಸು ಹಾಕಿಕೊಳ್ಳಿ. ಎಳೆತ ಎಲ್ಲ ಕಡೆ ಒಂದೇ ಸಮ ಇರಬೇಕು, ಅತಿ ಬಿಗಿ ಬೇಡ. ಪ್ರೈಮರ್ ಇನ್ನಷ್ಟು ಬಿಗಿ ಮಾಡುತ್ತದೆ. ಬೆರಳಿನಿಂದ ತಟ್ಟಿದರೆ ಮಂದವಾದ ‘ಧಬ್’ ಅನ್ನುವ ಸದ್ದು ಬಂದರೆ ಈ ಹಂತಕ್ಕೆ ಸಾಕು.

ಪಿನ್ನಿನ ಬಳಿಯಿಂದ ಸೂರ್ಯಕಿರಣದ ಹಾಗೆ ಗೆರೆಗಳು ಹೊರಟಿದ್ದರೆ ಆ ಪಿನ್ನಿನಲ್ಲಿ ಎಳೆತ ಜಾಸ್ತಿಯಾಗಿದೆ. ಕಿತ್ತು ಮತ್ತೆ ಹೊಡೆಯಿರಿ. ಬೇಸರ ಮಾಡಿಕೊಳ್ಳಬೇಡಿ. ನಾನು ಈಗಲೂ ಒಂದು ಚಿತ್ರಕ್ಕೆ ಹತ್ತು ಹನ್ನೆರಡು ಪಿನ್ನು ಕಿತ್ತು ಹೊಡೆಯುತ್ತೇನೆ.

## ಹಂತ 6: ಪ್ರೈಮರ್ ಹಚ್ಚಿ

ಗೋಡೆ ಪುಟ್ಟಿ ಹಚ್ಚಬೇಡಿ. ಬಿರುಕು ಬಿಟ್ಟ ಫೋಟೊಗಳ ಹಿಂದಿನ ಕಾರಣ ಸಾಮಾನ್ಯವಾಗಿ ಇದೇ. ಪುಟ್ಟಿ ಗೋಡೆಯಂಥ ಅಲ್ಲಾಡದ ಮೈಗೆ ಮಾಡಿದ್ದು. ಬಟ್ಟೆ ದಿನವೂ ಒಂಚೂರು ಬಿಗಿಯಾಗುತ್ತದೆ, ಒಂಚೂರು ಸಡಿಲಾಗುತ್ತದೆ. ಪುಟ್ಟಿ ಅದರ ಜೊತೆ ಹಿಗ್ಗುವುದಿಲ್ಲ, ಒಡೆಯುತ್ತದೆ. ಅಕ್ರಿಲಿಕ್ ಪ್ರೈಮರ್ ರಬ್ಬರಿನ ಹಾಗೆ ಸ್ವಲ್ಪ ಬಾಗುತ್ತದೆ.

ಮೊದಲ ಕೋಟ್ ಹಚ್ಚಲು ಹತ್ತು ಪಾಲು ಪ್ರೈಮರಿಗೆ ಒಂದು ಪಾಲು ನೀರು. ನಡುವಿನಿಂದ ಅಂಚಿನ ಕಡೆಗೆ ಚಪ್ಪಟೆ ಬ್ರಷ್ಷಿನಿಂದ ಎಳೆಯಿರಿ, ಬಟ್ಟೆಯ ನೇಯ್ಗೆಯೊಳಗೆ ಇಳಿಯಬೇಕು. ಪಕ್ಕದ ಮೈಗಳಿಗೂ ಹಚ್ಚಿ. ಬಟ್ಟೆ ಒದ್ದೆಯಾದಾಗ ಸಡಿಲವಾದಂತೆ ಕಂಡರೆ ಹೆದರಬೇಡಿ, ಒಣಗುವಾಗ ಬಿಗಿಯಾಗುತ್ತದೆ.

ಎರಡನೇ ಕೋಟು ಅಡ್ಡಕ್ಕೆ, ಮೂರನೆಯದು ಉದ್ದಕ್ಕೆ. ಬಿಸಿಲು ಕಾಲದಲ್ಲಿ ಎರಡು ಮೂರು ಗಂಟೆಗೆ ಒಣಗುತ್ತದೆ. ಮಳೆಗಾಲದಲ್ಲಿ ಕೋಟಿನ ನಡುವೆ ಒಂದು ರಾತ್ರಿ ಬಿಡಿ. ಕೈಯ ಹಿಂಭಾಗ ಇಟ್ಟು ನೋಡಿ, ತಣ್ಣಗನಿಸಿದರೆ ಇನ್ನೂ ಹಸಿ. ಪ್ರತಿ ಕೋಟಿನ ನಂತರ ಸ್ಯಾಂಡ್ ಪೇಪರಿನಿಂದ ಮೆಲ್ಲಗೆ ಸವರಿ, ಒಣ ಬಟ್ಟೆಯಿಂದ ಒರೆಸಿ. ಮೂರನೇ ಕೋಟು ಮುಗಿದ ಮೇಲೆ ಹಿಂದಿನಿಂದ ಬೆಳಕು ಹಿಡಿದು ನೋಡಿ. ಸೂಜಿತೂತಿನಂತೆ ಬೆಳಕು ಕಂಡರೆ ಆ ಜಾಗಕ್ಕೆ ಇನ್ನೊಮ್ಮೆ ಹಚ್ಚಿ.

## ಹಂತ 7: ಚುಕ್ಕಿ ಇಟ್ಟು ವಿನ್ಯಾಸ ಎಳೆಯಿರಿ

ದೊಡ್ಡದಾಗಿ ಬರೆಯಲು ಭಯಪಡುವವರಿಗೆ ನಾನು ಹೇಳುವುದಿಷ್ಟೆ: ಬಾಗಿಲ ಮುಂದೆ ಚುಕ್ಕಿ ರಂಗೋಲಿ ಹಾಕಿದ್ದೀರಲ್ಲ, ಇದೂ ಅದೇ. ಚುಕ್ಕಿ ಸರಿಯಾಗಿ ಕೂತರೆ ಗೆರೆ ತಾನಾಗೇ ಬರುತ್ತದೆ.

60 × 42 ಇಂಚನ್ನು 6 ಇಂಚಿನ ಚೌಕ ಮನೆಗಳಾಗಿ ಮಾಡಿದರೆ ಅಡ್ಡಕ್ಕೆ 10, ಉದ್ದಕ್ಕೆ 7, ಒಟ್ಟು 70 ಮನೆ. ಮನೆಗಳ ಮೂಲೆಗಳೇ ಇಲ್ಲಿ ಚುಕ್ಕಿ. ಮೊದಲು ಗ್ರಾಫ್ ಹಾಳೆಯಲ್ಲಿ 10 × 7 ಸೆಂಟಿಮೀಟರಿನ ಪುಟ್ಟ ನಕ್ಷೆ ಬರೆಯಿರಿ. ಒಂದು ಸೆಂಟಿಮೀಟರ್ ಅಂದರೆ ಒಂದು ಮನೆ. ಅಳಿಸುವುದು, ತಿದ್ದುವುದು ಎಲ್ಲ ಇಲ್ಲೇ ಮುಗಿಯಲಿ.

ಮಲೆನಾಡಿನಲ್ಲಿ, ಸಾಗರದ ಸುತ್ತಮುತ್ತ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಅವರ ಗೆರೆಗಳಿಂದ ಕಲಿಯಲು ತುಂಬಾ ಇದೆ. ಪಕ್ಕಪಕ್ಕದ ಗೆರೆಗಳ ನಡುವಿನ ಅಂತರ ಒಂದೇ ಸಮ. ಅಂಚು ಮೊದಲು ಗಟ್ಟಿ, ಆಮೇಲೆ ಒಳಗಿನ ತುಂಬುಗೆರೆ. ಆದರೆ ಹಸೆ ಮದುವೆಯ ಗೋಡೆಗೆ ಸೇರಿದ್ದು. ಅದನ್ನೇ ಹಾಗೇ ನಕಲು ಮಾಡಿ ಸೋಫಾ ಮೇಲೆ ನೇತುಹಾಕುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಅವರ ಶಿಸ್ತನ್ನು ಕಲಿಯಿರಿ, ಆಕಾರ ನಿಮ್ಮದೇ ಇರಲಿ. ನಿಮ್ಮ ಅಜ್ಜಿ ಹಾಕುತ್ತಿದ್ದ ಒಂದು ರಂಗೋಲಿಯ ತುಂಡು, ಹೊಲದ ಸಾಲು, ಕಿಟಕಿಯ ಜಾಲರಿ, ಏನು ಬೇಕಾದರೂ ಆಗಬಹುದು.

ಗೆರೆಯ ದಪ್ಪ. ಹತ್ತಡಿ ದೂರದಿಂದ 2 ಮಿ.ಮೀ. ಗೆರೆ ದಾರದ ಎಳೆಯಷ್ಟೇ ಕಾಣುತ್ತದೆ. ಮುಖ್ಯ ಗೆರೆ 8 ಮಿ.ಮೀ.ಗೆ ಕಮ್ಮಿ ಬೇಡ, ತುಂಬುಗೆರೆ 5 ಮಿ.ಮೀ. ಇರಲಿ. ಹಾಳೆಯಲ್ಲಿ ನಾಜೂಕಾಗಿ ಕಂಡದ್ದು ಗೋಡೆಯಲ್ಲಿ ಬಡಕಲಾಗುತ್ತದೆ. ಒಂದು ಹಾಳೆಯಲ್ಲಿ ಬೇರೆ ಬೇರೆ ದಪ್ಪದ ಗೆರೆ ಎಳೆದು ಗೋಡೆಗೆ ಅಂಟಿಸಿ, ಕೋಣೆಯ ಆ ತುದಿಯಿಂದ ನೋಡಿ ಆರಿಸಿ.

## ಹಂತ 8: ಬಣ್ಣ

ಮೊದಲು ಹಿನ್ನೆಲೆ. ಕೆಮ್ಮಣ್ಣಿನ ಛಾಯೆಯ ಎಮಲ್ಷನ್ ಅನ್ನು ರೋಲರಿನಿಂದ ಎರಡು ತೆಳು ಕೋಟು ಹಚ್ಚಿ. ಒಂದೇ ದಪ್ಪ ಕೋಟು ಹಚ್ಚಿದರೆ ಅಂಚಿನಲ್ಲಿ ಸೋರಿ ಹನಿಗಟ್ಟುತ್ತದೆ. ಒಂದು ಕೋಟನ್ನು ನಡುವೆ ನಿಲ್ಲಿಸದೆ ಮುಗಿಸಿ, ಫ್ಯಾನ್ ಆಫ್ ಇರಲಿ. ಇಲ್ಲದಿದ್ದರೆ ಅರ್ಧ ಒಣಗಿದ ಜಾಗದ ಮೇಲೆ ಮತ್ತೆ ರೋಲರ್ ಹೋಗಿ ಪಟ್ಟೆ ಬೀಳುತ್ತದೆ.

ನಿಜವಾದ ಕೆಮ್ಮಣ್ಣೇ ಬೇಕು ಅನ್ನುವವರು ಮಣ್ಣನ್ನು ನೀರಿನಲ್ಲಿ ಕದಡಿ, ಮಲ್ ಬಟ್ಟೆಯಲ್ಲಿ ಮೂರು ಸಲ ಸೋಸಿ, ಕೆಳಗೆ ಕೂತ ನುಣ್ಣನೆಯ ಕೆಸರನ್ನು ಒಣಗಿಸಿ ಪುಡಿ ಮಾಡಿ. ಅದನ್ನು ಅಕ್ರಿಲಿಕ್ ಮೀಡಿಯಮ್‌ಗೆ (ಬಣ್ಣವಿಲ್ಲದ ಅಕ್ರಿಲಿಕ್ ಅಂಟಿಗೆ) ಕಲಸಿ. ಬರೀ ನೀರಿನಲ್ಲಿ ಕಲಸಿದರೆ ನಿಲ್ಲುವುದಿಲ್ಲ. ಬೇರೆ ಚೂರಿಗೆ ಹಚ್ಚಿ ಒಣಗಿಸಿ ಬಿಳಿ ಕರವಸ್ತ್ರದಿಂದ ತಿಕ್ಕಿ ನೋಡಿ. ಬಟ್ಟೆ ಕೆಂಪಾದರೆ ಮೀಡಿಯಮ್ ಇನ್ನೂ ಬೇಕು. ಒಣಗಿದಾಗ ಇದು ಡಬ್ಬಿಯ ಬಣ್ಣದ ಹಾಗೆ ಸಪಾಟಾಗಿರುವುದಿಲ್ಲ. ಹತ್ತಿರ ಹೋಗಿ ನೋಡಿದರೆ ಸಣ್ಣ ಸಣ್ಣ ಹೊಳೆಯುವ ಕಣ, ಎಲ್ಲೋ ಒಂಚೂರು ಕಂದು, ಎಲ್ಲೋ ಕಿತ್ತಳೆ. ಆ ಶ್ರಮ ಸಾರ್ಥಕ ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

ಹಿನ್ನೆಲೆ ಒಂದು ದಿನ ಒಣಗಿದ ಮೇಲೆ ಮನೆಗಳನ್ನು ಮೂಡಿಸಿ. ಹೊಲಿಗೆ ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಇಬ್ಬರು ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಡಿ. ನೇರ ಗೆರೆ ಬೀಳುತ್ತದೆ. ಪೆನ್ಸಿಲ್ ಬೇಡ, ಆಮೇಲೆ ಅಳಿಸಲು ಹೋದರೆ ಮಸಿ ಹರಡುತ್ತದೆ. ಸುಣ್ಣದ ಗೆರೆ ಒದ್ದೆ ಬಟ್ಟೆಗೆ ಹೋಗುತ್ತದೆ. ಗ್ರಾಫ್ ನಕ್ಷೆಯ ಒಂದೊಂದು ಮನೆಯಲ್ಲಿ ಇರುವುದನ್ನು ಇಲ್ಲಿನ ಅದೇ ಮನೆಗೆ ಸೀಮೆಸುಣ್ಣದಿಂದ ಎಳೆದುಕೊಳ್ಳಿ.

ನೇರ ಗೆರೆಗಳಿಗೆ ಮಾಸ್ಕಿಂಗ್ ಟೇಪ್ ಹಾಕಿ. ಟೇಪಿನ ಕೆಳಗೆ ಬಿಳಿ ಬಣ್ಣ ನುಗ್ಗಿ ಅಂಚು ಹರಿದ ಹಾಗಾಗುವುದು ಎಲ್ಲರ ಗೋಳು. ಅದಕ್ಕೆ ಹೀಗೆ ಮಾಡಿ: ಟೇಪ್ ಹಾಕಿ ಅಂಚನ್ನು ಉಗುರಿನಿಂದ ಒತ್ತಿ, ಮೊದಲು ಹಿನ್ನೆಲೆಯ ಕೆಂಪು ಬಣ್ಣವನ್ನೇ ಅಂಚಿಗೆ ತೆಳ್ಳಗೆ ಹಚ್ಚಿ. ನುಗ್ಗುವುದಿದ್ದರೆ ಅದೇ ನುಗ್ಗಿ ಸಂದು ಮುಚ್ಚುತ್ತದೆ, ಕಣ್ಣಿಗೂ ಕಾಣುವುದಿಲ್ಲ. ಒಣಗಿದ ಮೇಲೆ ಬಿಳಿ ಹಚ್ಚಿ. ಬಿಳಿ ಇನ್ನೂ ಹಸಿ ಇರುವಾಗಲೇ ಟೇಪನ್ನು ಹಿಂದಕ್ಕೆ ಮಡಿಸಿದಂತೆ ನಿಧಾನವಾಗಿ ಎಳೆಯಿರಿ. ಪೂರ್ತಿ ಒಣಗಿದ ಮೇಲೆ ಎಳೆದರೆ ಬಣ್ಣದ ಸಿಪ್ಪೆಯೂ ಜೊತೆಗೆ ಬರುತ್ತದೆ.

ಬಾಗಿದ ಗೆರೆಗಳಿಗೆ ಕೈ ನಡುಗದಿರಲು ಒಂದು ಕೋಲಿನ ತುದಿಗೆ ಬಟ್ಟೆ ಸುತ್ತಿ, ಅದನ್ನು ಚೌಕಟ್ಟಿನ ಅಂಚಿಗೆ ಆನಿಸಿ, ಅದರ ಮೇಲೆ ಮಣಿಕಟ್ಟು ಇಟ್ಟು ಎಳೆಯಿರಿ. ಮೇಲಿನಿಂದ ಕೆಳಕ್ಕೆ ಕೆಲಸ ಸಾಗಲಿ, ತೋಳು ಹಸಿ ಬಣ್ಣಕ್ಕೆ ತಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಹತ್ತಡಿ ಹಿಂದಕ್ಕೆ ಹೋಗಿ ನೋಡಿ. ಫೋನಿನಲ್ಲಿ ಫೋಟೊ ತೆಗೆದು ನೋಡಿದರೆ ಓರೆಯಾದ ಗೆರೆ ತಕ್ಷಣ ಕಾಣುತ್ತದೆ.

ಮುಗಿದ ಮೇಲೆ ಮೂರು ದಿನ ಸುಮ್ನೆ ಬಿಡಿ. ನಂತರ ಮ್ಯಾಟ್ ಅಕ್ರಿಲಿಕ್ ವಾರ್ನಿಷ್ ಎರಡು ತೆಳು ಕೋಟು. ಬಾಗಿಲಿಗೆ ಹಚ್ಚುವ ಎಣ್ಣೆ ವಾರ್ನಿಷ್ ಬೇಡ, ಬಿಳಿ ಗೆರೆ ಕೆಲವೇ ತಿಂಗಳಲ್ಲಿ ಹಳದಿಯಾಗುತ್ತದೆ.

## ಹಂತ 9: ಗೋಡೆಗೆ ಏರಿಸಿ

ಈ ಚಿತ್ರ 6ರಿಂದ 8 ಕಿಲೋ ತೂಗುತ್ತದೆ. ಅಂಟುಪಟ್ಟಿಯ ಮೇಲೆ ನಂಬಿಕೆ ಇಡಬೇಡಿ, ಕೆಳಗೆ ಮಕ್ಕಳು ಕೂರುತ್ತಾರೆ. ಒಂದೇ ಮೊಳೆಗೆ ದಾರ ಕಟ್ಟಿ ತೂಗಿದರೆ ಇಷ್ಟು ಅಗಲದ ಚಿತ್ರ ಎಂದಿಗೂ ಮಟ್ಟಸವಾಗಿ ನಿಲ್ಲುವುದಿಲ್ಲ.

4 ಇಂಚು ಅಗಲ, ¾ ಇಂಚು ದಪ್ಪ, 36 ಇಂಚು ಉದ್ದದ ಒಂದು ಹಲಗೆ ತೆಗೆದುಕೊಂಡು, ಬಡಗಿಯ ಹತ್ತಿರ ಅದನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಎರಡು ಸೀಳು ಮಾಡಿಸಿ. ಐದು ನಿಮಿಷದ ಕೆಲಸ. ಒಂದು ಸೀಳು ಗೋಡೆಗೆ: ಓರೆ ಅಂಚು ಮೇಲಕ್ಕಿರಬೇಕು, ಗೋಡೆಗೂ ಹಲಗೆಗೂ ನಡುವೆ ಹಳ್ಳದಂಥ ತೋಡು ಉಂಟಾಗಬೇಕು. ಇನ್ನೊಂದು ಚೌಕಟ್ಟಿನ ಮೇಲಿನ ಮರದ ಹಿಂಬದಿಗೆ: ಓರೆ ಅಂಚು ಕೆಳಕ್ಕೆ. ಚಿತ್ರ ಎತ್ತಿ ಇಳಿಸಿದರೆ ಒಂದರೊಳಗೆ ಒಂದು ಕೂತು ಕಚ್ಚಿಕೊಳ್ಳುತ್ತದೆ. ಬೇಕಾದರೆ ಎಡಕ್ಕೆ ಬಲಕ್ಕೆ ಸರಿಸಬಹುದು. ಚೌಕಟ್ಟಿನ ಕಡೆ 1½ ಇಂಚಿನ ಸ್ಕ್ರೂ ಸಾಕು. 3 ಇಂಚಿನದು ಹಾಕಿದರೆ ಚಿತ್ರದ ಮುಂದೆಯೇ ತಲೆ ಎತ್ತುತ್ತದೆ.

ಗೋಡೆ ಕೊರೆಯುವ ಮೊದಲು: ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ನೇರ ಪಕ್ಕದಲ್ಲಿ ಕೊರೆಯಬೇಡಿ. ವೈರಿನ ಪೈಪು ಅಲ್ಲೇ ಹೋಗಿರುತ್ತದೆ. ಗೋಡೆಯ ಆ ಬದಿಯಲ್ಲಿ ನಲ್ಲಿ ಇದ್ದರೆ ನೀರಿನ ಪೈಪಿನ ಬಗ್ಗೆಯೂ ಗಮನ ಇರಲಿ.

8 ಮಿ.ಮೀ. ಬಿಟ್, 8 ಮಿ.ಮೀ. ಪ್ಲಾಸ್ಟಿಕ್ ಪ್ಲಗ್, 75 ಮಿ.ಮೀ. ಸ್ಕ್ರೂ, ನಾಲ್ಕು ಕಡೆ. ಗಾರೆಯೊಳಗೆ ಮಾತ್ರ ನಿಂತ ಪ್ಲಗ್ ಕಿತ್ತು ಬರುತ್ತದೆ, ಗಾರೆ ದಾಟಿ ಇಟ್ಟಿಗೆಯೊಳಗೆ ಹೋಗಬೇಕು. ಬಿಟ್ಟಿನಿಂದ ಬೀಳುವ ಪುಡಿ ನೋಡಿ. ಕೆಂಪು ಪುಡಿ ಬಂದರೆ ಇಟ್ಟಿಗೆ, ಒಳ್ಳೆಯದು. ಬೂದು ಪುಡಿ ಬಂದು ಬಿಟ್ ಮುಂದಕ್ಕೇ ಹೋಗದಿದ್ದರೆ ಕಾಂಕ್ರೀಟ್ ಕಂಬ, ಹ್ಯಾಮರ್ ಡ್ರಿಲ್ ಬೇಕು. ಬಿಳಿಯ ಹಗುರ ಪುಡಿ ಉದುರಿ ಬಿಟ್ ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಹಗುರ ಬ್ಲಾಕಿನ ಗೋಡೆ. ಹ್ಯಾಮರ್ ಆಫ್ ಮಾಡಿ, ಆ ಬ್ಲಾಕಿಗೇ ಅಂತ ಮಾಡಿದ ಪ್ಲಗ್ ತನ್ನಿ. ಕೊರೆಯುತ್ತಿರುವಾಗ ಬಿಟ್ ದಿಢೀರನೆ ಒಳಕ್ಕೆ ನುಗ್ಗಿದರೆ ಒಳಗೆ ಟೊಳ್ಳು. ಅಲ್ಲಿ ಮಾಮೂಲಿ ಪ್ಲಗ್ ನಿಲ್ಲುವುದಿಲ್ಲ, ಟೊಳ್ಳು ಬ್ಲಾಕಿನದೇ ಬೇಕು.

ಮೊದಲು ಒಂದು ತುದಿಯ ಸ್ಕ್ರೂ ಹಾಕಿ, ಹಲಗೆಯ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನಡುವೆ ನಿಂತ ಮೇಲೆ ಇನ್ನೊಂದು ತುದಿಯ ಗುರುತು ಹಾಕಿ. ಛಾವಣಿಯಿಂದ ಅಳೆದು ಗುರುತು ಹಾಕಬೇಡಿ, ಛಾವಣಿ ಮಟ್ಟಸವಾಗಿರುತ್ತದೆ ಅನ್ನುವ ಖಾತ್ರಿ ಇಲ್ಲ. ಬಿಗಿದ ಮೇಲೆ ಹಲಗೆಗೆ ಎರಡೂ ಕೈ ಹಾಕಿ ಜೋರಾಗಿ ಕೆಳಕ್ಕೆ ಜಗ್ಗಿ. ಒಂದು ಕೂದಲಿನಷ್ಟು ಅಲ್ಲಾಡಿದರೂ ಚಿತ್ರ ಏರಿಸಬೇಡಿ.

ಚೌಕಟ್ಟಿನ ಕೆಳಗಿನ ಎರಡು ಮೂಲೆಗಳ ಹಿಂದೆ ¾ ಇಂಚಿನ ಮರದ ಚೂರು ಅಂಟಿಸಿ. ಇಲ್ಲದಿದ್ದರೆ ಚಿತ್ರದ ಕೆಳಭಾಗ ಗೋಡೆಗೆ ಒರಗಿ ಮೇಲ್ಭಾಗ ಮುಂದಕ್ಕೆ ಬಾಗಿದಂತೆ ಕಾಣುತ್ತದೆ. ಆ ಮುಕ್ಕಾಲು ಇಂಚಿನ ಸಂದಿನಲ್ಲಿ ಗಾಳಿಯೂ ಆಡುತ್ತದೆ.

## ಏರಿಸಿದ ಮೇಲೆ

ಮೊದಲ ಮಳೆಗಾಲದಲ್ಲಿ ಬಟ್ಟೆ ಸ್ವಲ್ಪ ಸಡಿಲವಾಗುತ್ತದೆ. ಬೇಸಿಗೆಗೆ ಮತ್ತೆ ಬಿಗಿಯಾಗುವುದೂ ಉಂಟು. ಕಾದರೂ ಬಿಗಿಯಾಗದಿದ್ದರೆ ಒಣ ಹವೆಯ ದಿನ ಚಿತ್ರ ಇಳಿಸಿ, ಹಿಂಬದಿಗೆ ಮಾತ್ರ ಸ್ಪ್ರೇ ಬಾಟಲಿಯಿಂದ ನೀರು ತೆಳ್ಳಗೆ ಸಿಂಪಡಿಸಿ, ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಇಡಬೇಡಿ. ಅದಕ್ಕೂ ಬಗ್ಗದಿದ್ದರೆ ಒಂದು ಉದ್ದ ಬದಿಯ ಪಿನ್ನುಗಳನ್ನು ಕಿತ್ತು ನಡುವಿನಿಂದ ಮತ್ತೆ ಬಿಗಿಯಿರಿ.

ಧೂಳಿಗೆ ಒಣ, ಮೆತ್ತನೆ ಬ್ರಷ್ ಸಾಕು. ದೀಪಾವಳಿಗೆ ಮನೆ ತೊಳೆಯುವಾಗ ಒದ್ದೆ ಬಟ್ಟೆ ಹಿಡಿದು ಬರುವವರಿಗೆ ಮೊದಲೇ ಹೇಳಿಡಿ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಚಿತ್ರ ಇಳಿಸಿ ಹಿಂಬದಿ ನೋಡಿ. ಕಪ್ಪು ಚುಕ್ಕಿ, ಮಣ್ಣಿನ ಗೆದ್ದಲು ದಾರಿ, ಮರದ ಕೆಳಗೆ ಹಿಟ್ಟಿನಂಥ ಪುಡಿ, ಈ ಮೂರರಲ್ಲಿ ಒಂದು ಕಂಡರೂ ಆ ದಿನವೇ ಬೇರೆ ಕೋಣೆಗೆ ಸಾಗಿಸಿ.

ಚೌಕಟ್ಟಿನ ಹಿಂಬದಿಯ ಮರದ ಮೇಲೆ ಪೆನ್ಸಿಲಿನಲ್ಲಿ ಬಣ್ಣದ ಡಬ್ಬಿಯ ಶೇಡ್ ನಂಬರ್, ವಾರ್ನಿಷ್ ಯಾವುದು, ಮುಗಿಸಿದ ತಾರೀಕು ಬರೆದಿಡಿ. ಎಂದೋ ಒಂದು ದಿನ ಕುರ್ಚಿ ತಾಗಿ ಒಂದು ಚೂರು ಬಣ್ಣ ಹಾರುತ್ತದೆ. ಆಗ ಅದೇ ಕೆಂಪು ಹುಡುಕಲು ಅಂಗಡಿಯಿಂದ ಅಂಗಡಿಗೆ ಅಲೆಯುವುದು ತಪ್ಪುತ್ತದೆ.